ನನ್ನ ತಲೆಯ ಮೇಲಿನ ಆಣೆ

ನಮ್ಮ ಮನೆಯಲ್ಲಿ ನ್ಯಾಯ ತೀರ್ಮಾನವಾಗುತ್ತಿದ್ದದ್ದು ನನ್ನ ತಲೆಯ ಮೇಲೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ನೆತ್ತಿಯ ಮೇಲೆಯೇ. ನಂಜನಗೂಡಿನಲ್ಲಿ ದೇವಸ್ಥಾನದ ಹತ್ತಿರದ ಬೀದಿಯಲ್ಲಿ ನಾವಿರುವುದು: ಅತ್ತೆ, ಮಾವ, ಫ್ಯಾಕ್ಟರಿಯಲ್ಲಿ ಪಾಳಿ ಕೆಲಸದ ಗಂಡ, ನಾಲ್ಕನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ ಮತ್ತು ನಾನು. ಮಕ್ಕಳ ನಡುವೆ ಯಾವ ವ್ಯಾಜ್ಯ ಬಂದರೂ ವಿಚಾರಣೆಗೆ ಕೂರುವವರು ಅತ್ತೆ. ಚಾರ್ಜರಿನ ವೈರು ಕಿತ್ತದ್ದು ಯಾರು, ಗೋಡೆಯ ಮೇಲೆ ಗೀಚಿದ್ದು ಯಾರು ಎಂದರೆ ಇಬ್ಬರೂ “ಅವನೇ”, “ಅವಳೇ” ಎಂದು ಬೆರಳು ತೋರಿಸಿಕೊಂಡು ಕೂಗಾಡುತ್ತಿದ್ದರು. ಗಂಟಲು ಸೋತ ಮೇಲೆ ಅತ್ತೆ, “ಹೋಗಿ, ಅಮ್ಮನ ತಲೆ ಮುಟ್ಟಿ ಆಣೆ ಇಡಿ” ಎನ್ನುತ್ತಿದ್ದರು. ನಾನು ಹುರುಳಿಕಾಯಿ ಹೆಚ್ಚುತ್ತಿರಲಿ, ಪರೀಕ್ಷೆಯ ಪೇಪರು ತಿದ್ದುತ್ತಿರಲಿ, ಹಿಂದಿನಿಂದ ಒಂದು ಪುಟ್ಟ ಕೈ ಬಂದು ತಲೆಯ ಮೇಲೆ ಕೂರುತ್ತಿತ್ತು. ಯಾರ ಕೈ ಅಳುಕಿತೋ ಅವರೇ ಕಳ್ಳರು. ಕೇಸು ಮುಗಿಯಿತು.

ಅತ್ತೆ ಕಳಲೆಯವರು. ದೇವಸ್ಥಾನದ ಮನೆತನ. “ನಮ್ಮನೇಲಿ ಬಾವಿಗೆ ಚೊಂಬು ಬಿದ್ರೂ ಆಣೆ ಇಡಿಸೋರು ಕಣೇ. ಸುಳ್ಳು ಆಣೆ ಇಟ್ರೆ ಯಾರ ತಲೆ ಮುಟ್ಟಿರ್ತೀವೋ ಅವರಿಗೇ ತಟ್ಟತ್ತೆ. ಅದಕ್ಕೇ ಎಲ್ಲರೂ ನಿಜ ಹೇಳ್ತಿದ್ವಿ” ಎಂದು ಹೇಳುತ್ತಿದ್ದರು. ಒಳಗೊಳಗೇ ನನಗೆ ರೇಗುತ್ತಿತ್ತು. ತಟ್ಟುವುದಿದ್ದರೆ ನನಗೆ ತಟ್ಟಲಿ ಎಂದು ಇಷ್ಟು ಸಲೀಸಾಗಿ ಹೇಳುತ್ತಾರಲ್ಲ! ಆದರೂ ಸುಮ್ಮನಿದ್ದೆ. ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ ಟಿ. ನರಸೀಪುರದ ಬಸ್ಸು ಹಿಡಿಯುವ ಹೆಂಗಸಿಗೆ, ಮಕ್ಕಳ ಜಗಳ ಬೇಗ ಮುಗಿಸುವ ಯಾವ ದಾರಿಯಾದರೂ ದೇವರು ಕೊಟ್ಟದ್ದೇ.

ನರಸೀಪುರದಲ್ಲಿ ನಾನು ಪ್ರೈಮರಿ ಶಾಲೆಯ ಟೀಚರು. ಅಲ್ಲಿ ಇಂಥ ಕೇಸು ದಿನಕ್ಕೆ ಹತ್ತಾರು. “ಮಿಸ್, ಇವ್ನೇ ಕಣಿ ಮಿಸ್ ನೀರು ಚೆಲ್ಲಿದ್ದು!” “ತಾಯಾಣೆಗೂ ನಾನೇನೂ ಮಾಡ್ನಿಲ್ಲ ಮಿಸ್!” ಅಲ್ಲಿ ನಾನು ಬಹಳ ಬುದ್ಧಿವಂತೆ. ಆಣೆಗೀಣೆ ಎಲ್ಲ ನಡೆಯುವುದಿಲ್ಲ ಎಂದು ಗದರಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, “ಯಾರು ಮಾಡಿದ್ದು ಅಂತ ಬೇಡ, ಏನಾಯ್ತು ಅಂತ ಹೇಳು” ಎಂದು ಕೇಳುತ್ತೇನೆ. ಮುಕ್ಕಾಲು ಪಾಲು ನಿಜ ಹೊರಗೆ ಬರುತ್ತದೆ. ಆ ಬುದ್ಧಿಯನ್ನೆಲ್ಲ ಸಾಯಂಕಾಲ ಬಸ್ಸಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದೆ ಅಂತ ಕಾಣುತ್ತದೆ.

ಆ ಭಾನುವಾರ ಬೆಳಿಗ್ಗೆ ಅತ್ತೆ ಅನ್ನಕ್ಕಿಡಲು ಅಕ್ಕಿ ಡಬ್ಬಕ್ಕೆ ಪಾವು ಹಾಕಿದರು. ಅಕ್ಕಿಯ ಜೊತೆಗೆ ಮಾವನ ಕನ್ನಡಕದ ಒಂದು ಕಡ್ಡಿ ಬಂತು. ಇನ್ನಷ್ಟು ಕೆದಕಿದರೆ ಮಿಕ್ಕ ಕನ್ನಡಕವೂ ಸಿಕ್ಕಿತು, ಒಂದು ಗಾಜು ಸೀಳಿತ್ತು. ಹಿಂದಿನ ದಿನವೆಲ್ಲ ಮಾವ ಅದನ್ನು ಹುಡುಕಿ ಹುಡುಕಿ, ತಮಗೇ ಅರಳುಮರಳು ಹಿಡಿಯಿತೆಂದು ಸಂಕಟಪಟ್ಟುಕೊಂಡಿದ್ದರು. ಅದು ನೆನಪಾಗಿ ಅವರಿಗೆ ಎಂದೂ ಬರದ ಸಿಟ್ಟು ಬಂತು. “ಮುರಿದರೆ ಮುರೀಲಿ. ಬಚ್ಚಿಟ್ಟು ನನ್ನನ್ನ ಹುಚ್ಚನ ಥರ ಹುಡುಕಿಸಿದರಲ್ಲ” ಎಂದರು.

“ಅವನೇ!” “ಅವಳೇ!” ಶುರುವಾಯಿತು. ನಾನು ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಬಚ್ಚಲ ಒಲೆಯ ನೀರು ಕಾಯಲಿ ಎಂದು ಕೂತಿದ್ದೆ. ಅತ್ತೆಯ ಆಜ್ಞೆಯಾಯಿತು. ಮಗಳು ದಡದಡ ಬಂದು ಎಣ್ಣೆಯ ತಲೆಯ ಮೇಲೆ ಕೈಯೂರಿ, “ನಿನ್ನಾಣೆಗೂ ನಾನಲ್ಲ ಅಮ್ಮ” ಎಂದಳು. ಮರುಕ್ಷಣವೇ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. ಎಣ್ಣೆಯ ಜಿಡ್ಡಿಗೆ ಎಂದುಕೊಂಡೆ. ಮಗನ ಸರದಿ ಬಂತು. ಅವನು ಹತ್ತಿರ ಬಂದು, ಕೈ ಎತ್ತಿ, ಮತ್ತೆ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡ. “ನಾನಲ್ಲ” ಎಂದ. “ಹಾಗಾದ್ರೆ ಆಣೆ ಇಡೋ” ಎಂದರು ಅತ್ತೆ. “ಇಡಲ್ಲ.” “ಯಾಕೆ?” ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ತಲೆಯನ್ನೇ ನೋಡುತ್ತ ನಿಂತ.

ಇನ್ನೇನು ಬೇಕು? ತೀರ್ಪಾಯಿತು.

ಅವನಿಗೆ ಸಿಕ್ಕ ಶಿಕ್ಷೆ ಹೊಡೆತವಲ್ಲ, ಬೈಗುಳವೂ ಅಲ್ಲ. ದಿನಾ ಸಂಜೆ ಮಾವ ನದಿಯ ಕಡೆ ಹೋಗುವಾಗ ಅವರ ತೋರುಬೆರಳು ಹಿಡಿದು ನಡೆಯುವುದು ಅವನ ಹಕ್ಕು. ಹೊಳೆ ಮೆಟ್ಟಿಲ ಮೇಲೆ ಕೂತು ಮೀನಿಗೆ ಕಡಲೆಪುರಿ ಹಾಕಿ, ಮಿಕ್ಕಿದ್ದನ್ನು ತಾವಿಬ್ಬರೂ ತಿಂದು ಬರುತ್ತಿದ್ದರು. ಅಕ್ಕನಿಗೆ ಮನಸ್ಸಾದರೆ ಅವಳೂ ಹೋಗುತ್ತಿದ್ದಳು, ಆದರೆ ಬೆರಳು ಮಾತ್ರ ಅವನದು. ಆ ಸಂಜೆ ಅವನು ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದಾಗ ಮಾವ, “ಸುಳ್ಳು ಹೇಳೋರ ಕೈ ನಾನು ಹಿಡಿಯಲ್ಲಪ್ಪ” ಎಂದು ಮೊಮ್ಮಗಳನ್ನು ಕರೆದುಕೊಂಡು ಹೊರಟರು. ಅವನು ಬಾಗಿಲಲ್ಲೇ ನಿಂತ. ಚಪ್ಪಲಿಯನ್ನೂ ಬಿಚ್ಚಲಿಲ್ಲ. ಅವತ್ತಷ್ಟೇ ಅಲ್ಲ, ಮರುದಿನ, ಅದರ ಮರುದಿನವೂ ಹಾಗೇ. ಅತ್ತು ರಂಪ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಷ್ಟು ಚಿಕ್ಕವನು ಅಷ್ಟು ಸುಮ್ಮನಿರಬಾರದು. ಆದರೆ ನಾನೂ, ಒಪ್ಪಿಕೊಂಡುಬಿಟ್ಟರೆ ತಾತ ಕರೆದುಕೊಂಡು ಹೋಗುತ್ತಾರಲ್ಲ ಎಂದೇ ಅವನಿಗೆ ಬುದ್ಧಿ ಹೇಳುತ್ತಿದ್ದೆ. ಅವನು “ನಾನಲ್ಲ” ಎನ್ನುವುದನ್ನು ಬಿಡಲಿಲ್ಲ.

ಅದೇ ವಾರ ನನ್ನ ತಲೆಗೆ ಪೆಟ್ಟಾಯಿತು. ಶಾಲೆ ಮುಗಿಸಿ ಬರುತ್ತಿದ್ದೆ, ಬಸ್ಸು ತುಂಬಿತ್ತು, ನಿಂತಿದ್ದೆ. ಕಬ್ಬಿನ ಗದ್ದೆಗಳ ನಡುವಿನ ತಿರುವಿನಲ್ಲಿ ಒಂದು ಕರು ರಸ್ತೆಗೆ ನುಗ್ಗಿತು. ಡ್ರೈವರು ಬ್ರೇಕು ಹಾಕಿದ. ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು. “ಕುತ್ಕಳಿ ಮೇಡಮ್ಮೋರೇ, ರಕ್ತ ಬತ್ತಾ ಅದೆ! ಯಾರಾರಾ ಜಾಗ ಬುಡ್ರಲಾ!” ಎಂದು ಕಂಡಕ್ಟರು ಕೂಗಿದ್ದು ಕೇಳಿಸಿತು. ಊರಿಗೆ ಬಂದು, ಹೊಲಿಗೆ ಹಾಕಿಸಿಕೊಂಡು, ತಲೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಮನೆಗೆ ಹೋದೆ.

ಬಾಗಿಲು ತೆರೆದವಳು ಮಗಳು. ನನ್ನ ಮುಖ ನೋಡಲಿಲ್ಲ, ಪಟ್ಟಿಯನ್ನು ನೋಡಿದಳು. ಅವಳ ಮುಖದಲ್ಲಿ ಬಣ್ಣವೆಂಬುದೇ ಉಳಿಯಲಿಲ್ಲ. “ನಾನೇ ಅಮ್ಮ” ಎಂದಳು. “ಕನ್ನಡಕ ಮುರಿದಿದ್ದು ನಾನೇ. ಇನ್ಯಾವತ್ತೂ ಮಾಡಲ್ಲ. ನೀನು ಸಾಯಬೇಡ.” ಹಾಗೆ ಹೇಳಿ ನನ್ನ ಕಾಲು ತಬ್ಬಿಕೊಂಡು, ಇಡೀ ಬೀದಿಗೆ ಕೇಳಿಸುವಂತೆ ಅಳತೊಡಗಿದಳು.

ಬಿಕ್ಕುತ್ತ ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಗಾಜಿನಲ್ಲಿ ಬಿಸಿಲು ಹಿಡಿದು ಕಾಗದ ಸುಡುವುದನ್ನು ಯಾರೋ ಗೆಳತಿ ಹೇಳಿಕೊಟ್ಟಿದ್ದಳಂತೆ. ತಾತನ ಕನ್ನಡಕ ತೆಗೆದುಕೊಂಡು ತಾರಸಿಗೆ ಹೋಗಿದ್ದಾಳೆ. ಅಜ್ಜಿ ಕೂಗಿದ್ದಕ್ಕೆ ಹೆದರಿ ಅದರ ಮೇಲೇ ಕೂತುಬಿಟ್ಟಿದ್ದಾಳೆ. ಮುರಿದದ್ದನ್ನು ಯಾರಿಗೂ ಕಾಣದ ಹಾಗೆ ಅಕ್ಕಿಯೊಳಗೆ ಹೂತಿದ್ದಾಳೆ. “ಆಣೆ ಇಟ್ಟ ತಕ್ಷಣ ಕೈ ಒರೆಸಿಕೊಂಡೆ ಅಮ್ಮ. ಒರೆಸಿಕೊಂಡ್ರೆ ತಟ್ಟಲ್ಲ ಅಂದ್ಕೊಂಡಿದ್ದೆ.”

ಅತ್ತೆ ಕುಂಕುಮದ ಬಟ್ಟಲು ತಂದು ನನಗೆ ದೃಷ್ಟಿ ತೆಗೆಯುತ್ತ, “ನೋಡಿದ್ಯಾ? ಆಣೆ ಸುಮ್ನೆ ಬಿಡತ್ತಾ?” ಎಂದರು. ನನಗೆ ಪೆಟ್ಟಾದದ್ದಕ್ಕೆ ಅವರಿಗೆ ಸಂಕಟವಾಗಿತ್ತು, ಸುಳ್ಳು ಹೇಳಬಾರದು. ಆದರೆ ದನಿಯಲ್ಲಿ ಗೆದ್ದ ಸಂತೋಷವೂ ಇತ್ತು.

ಮಗನನ್ನು ಪಕ್ಕಕ್ಕೆ ಕರೆದು ಕೇಳಿದೆ. “ನೀನಲ್ಲ ಅಂದ್ಮೇಲೆ ಯಾಕೋ ಆಣೆ ಇಡಲಿಲ್ಲ?”

“ನಾನು ಕನ್ನಡಕ ಮುಟ್ಟಿದ್ದೆ. ಅದು ಕಾಣೆಯಾಗೋಕೆ ಮುಂಚೆ ಒಂದ್ಸಲ ಹಾಕ್ಕೊಂಡು ಕನ್ನಡೀಲಿ ನೋಡ್ಕೊಂಡಿದ್ದೆ. ಮುರೀಲಿಲ್ಲ. ಆದ್ರೆ ಮುಟ್ಟಿದ್ದೂ ಲೆಕ್ಕಕ್ಕೆ ಬಂದುಬಿಟ್ರೆ, ನಿನಗೇನಾದ್ರೂ ಆಗಿಬಿಟ್ರೆ ಅಂತ.”

ಆರು ವರ್ಷದವನು. ತಾತನ ಬೆರಳು ಹೋದರೂ ಸರಿ, ಅಮ್ಮನ ತಲೆ ಉಳಿಯಲಿ ಎಂದು ಅಷ್ಟು ಸಂಜೆಗಳು ಬಾಗಿಲಲ್ಲಿ ನಿಂತಿದ್ದ. ಅವನನ್ನು ಎತ್ತಿಕೊಂಡು ಅತ್ತುಬಿಟ್ಟೆ. ಹೊಲಿಗೆ ಎಳೆಯಿತು.

ಮರುದಿನ ಸಂಜೆ ಮಾವ, ದಾರ ಸುತ್ತಿದ ಕನ್ನಡಕ ಏರಿಸಿಕೊಂಡು ಬಾಗಿಲಲ್ಲಿ ನಿಂತರು. ಕ್ಷಮೆ ಕೇಳುವುದು ಅವರಿಗೆ ಗೊತ್ತಿಲ್ಲ. ಸುಮ್ಮನೆ ತೋರುಬೆರಳು ಚಾಚಿದರು. ಮಗ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಓಡಿದ. ಹಾಗೆಂದು ಅವನೇನೂ ಸಂತನಲ್ಲ. ಮೆಟ್ಟಿಲಿಳಿಯುತ್ತ ಹಿಂದಿರುಗಿ, “ನಾನೆಷ್ಟು ದಿನ ಹೋಗಲಿಲ್ವೋ ಅಕ್ಕನೂ ಅಷ್ಟು ದಿನ ಬರೋ ಹಾಗಿಲ್ಲ” ಎಂದು ಸಾರಿದ. ನ್ಯಾಯವಾಗಿಯೇ ಇತ್ತು. ಅವಳು ತಕರಾರು ಮಾಡಲಿಲ್ಲ.

ತಕರಾರು ಮಾಡುವ ಸ್ಥಿತಿಯಲ್ಲೇ ಅವಳಿರಲಿಲ್ಲ. ಬೆಳಿಗ್ಗೆ ನಾನು ಕಣ್ಣು ಬಿಟ್ಟರೆ ಮಂಚದ ಪಕ್ಕ ನಿಂತು ನನ್ನ ಹಣೆಯನ್ನೇ ನೋಡುತ್ತಿರುತ್ತಿದ್ದಳು. ಕೇಳದೆಯೇ ನೀರು ತಂದುಕೊಡುತ್ತಿದ್ದಳು. ತಮ್ಮ ಬಂದು ಪೆನ್ಸಿಲು ಕಿತ್ತುಕೊಂಡರೆ ಬಿಟ್ಟುಕೊಡುತ್ತಿದ್ದಳು. “ಎಷ್ಟು ಒಳ್ಳೆಯವಳಾಗಿದ್ದಾಳೆ ನೋಡು. ನೀನು ಕರು, ಬಸ್ಸು ಅಂತೆಲ್ಲ ಅವಳಿಗೆ ಬಿಡಿಸಿ ಹೇಳೋಕೆ ಹೋಗಬೇಡ. ಭಯ ಇರಲಿ” ಎಂದರು ಅತ್ತೆ. ನನಗೂ ಆಸೆಯಾಯಿತು. ಏಕೆ ಆಗಬಾರದು? ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಆ ಹುಡುಗಿ ಜನ್ಮದಲ್ಲಿ ನನ್ನ ಮುಂದೆ ಸುಳ್ಳು ಹೇಳುವುದಿಲ್ಲ. ಶಾಲೆಯಲ್ಲಿ ವರ್ಷವಿಡೀ ಗಂಟಲು ಹರಿದುಕೊಂಡರೂ ಸಿಗದ ಫಲ, ಒಂದು ಕರುವಿನಿಂದ ಸಿಕ್ಕಿತ್ತು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಅವಳು ಬಳಿಗೆ ಬಂದು ಮೆಲ್ಲಗೆ ಕೇಳಿದಳು. “ಅಮ್ಮ, ಆಣೆ ಈಗ ಮುಗೀತಾ? ಇನ್ನೂ ಸ್ವಲ್ಪ ಉಳಿದಿದ್ಯಾ?”

ಒಂಬತ್ತು ವರ್ಷದ ಮಗು, ತಾಯಿಯನ್ನು ತಾನೇ ಕೊಲ್ಲುತ್ತಿದ್ದೇನೆಂದು ನಂಬಿಕೊಂಡು ಡಬ್ಬಿ ತೆಗೆದುಕೊಂಡು ಶಾಲೆಗೆ ಹೋಗಿ ಬರುತ್ತಿದೆ. ಆ ಸುಳ್ಳನ್ನು ನಂಬಲು ಬಿಟ್ಟು ನಾನು ಅವಳಿಗೆ ಕಲಿಸುವ ನಿಜ ಎಂಥದ್ದು? ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡೆ. ಕರು ಬಂದದ್ದು, ಬ್ರೇಕು ಹಾಕಿದ್ದು, ಕಂಬಿ ಬಡಿದದ್ದು ಎಲ್ಲವನ್ನೂ ಬಿಡಿಸಿ ಹೇಳಿದೆ. “ಕರುವಿಗೆ ನಮ್ಮನೆ ಕನ್ನಡಕದ ಸುದ್ದಿ ಗೊತ್ತಿಲ್ಲ ಕಣೇ. ನಿನ್ನ ಆಣೆಯಿಂದ ನನಗೇನೂ ಆಗಲಿಲ್ಲ, ಆಗೋದೂ ಇಲ್ಲ.” ಒಳಗೆ ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯನ್ನು ಬೇಕೆಂದೇ ಕುಕ್ಕಿದರು.

ಅವಳ ಮುಖ ಸಡಿಲವಾಯಿತು. ಉಸಿರು ಬಿಟ್ಟಳು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು. “ಹಾಗಾದ್ರೆ ಸುಳ್ಳು ಆಣೆ ಇಟ್ರೂ ಯಾರಿಗೂ ಏನೂ ಆಗಲ್ವಾ?”

“ನನಗೆ ಆಗಲಿಲ್ಲ. ಇವನಿಗೆ ಆಯ್ತಲ್ಲ” ಎಂದೆ. “ನೀನು ತಾತನ ಜೊತೆ ಹೋಗುವಾಗ ಇವನು ಬಾಗಿಲಲ್ಲಿ ನಿಂತಿರ್ತಿದ್ದ, ನೋಡಿದ್ಯಾ?”

“ನೋಡಿದ್ದೆ” ಎಂದಳು, ತಲೆ ತಗ್ಗಿಸಿ. “ಮೀನಿಗೆ ಪುರಿ ಹಾಕೋಕೆ ಇಷ್ಟ ಆಗ್ತಿರಲಿಲ್ಲ.” ಈ ಸಲ ಅವಳು ಅತ್ತದ್ದು ಬೇರೆ ಥರ, ಸದ್ದಿಲ್ಲದೆ. ನನ್ನ ಹಣೆಯನ್ನು ನೋಡಲಿಲ್ಲ. ತಮ್ಮನನ್ನು ನೋಡುತ್ತಿದ್ದಳು.

ತಮ್ಮ ಅವಳ ಅಳುವಿಗೆ ಗಮನವನ್ನೇ ಕೊಡಲಿಲ್ಲ. ಹುಬ್ಬು ಗಂಟು ಹಾಕಿಕೊಂಡು ಏನನ್ನೋ ಕೂಡಿಸಿ ಕಳೆಯುತ್ತಿದ್ದ.

“ಅಮ್ಮ, ಅವತ್ತು ನಾನು ಆಣೆ ಇಟ್ಟಿದ್ರೂ ನಿನಗೇನೂ ಆಗ್ತಿರಲಿಲ್ವಾ?”

“ಇಲ್ಲ ಪುಟ್ಟ. ಏನೂ ಆಗ್ತಿರಲಿಲ್ಲ.”

ಅವನು ಎದ್ದು ನನ್ನ ಮುಂದೆ ಬಂದು ನಿಂತ. ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು, ಗಾಯದ ಗುರುತಿಗೆ ತಾಗದಂತೆ ಜೋಪಾನವಾಗಿ ನನ್ನ ತಲೆಯ ಮೇಲಿಟ್ಟ. ಅಡುಗೆಮನೆಯ ಸದ್ದು ನಿಂತಿತು.

“ನಿನ್ನಾಣೆಗೂ ನಾನಲ್ಲ ಅಮ್ಮ” ಎಂದ.