ತಿರುಗಿ ನೋಡಬಾರದ ಕಟ್ಟೆ

ವಜ್ರಳ್ಳಿ ದಾರಿಯ ಬಸ್ ನಿಲ್ದಾಣದ ಪಕ್ಕ, ಕಟ್ಟೆಯ ಮೇಲೊಂದು ಕಲ್ಲು: ಭೂತಪ್ಪ. ಅವನು ಕಾಯುತ್ತಿದ್ದ ಊರಿನ ಬಾಗಿಲುಗಳಿಗೆ ಚಿಲಕವೇ ಇರಲಿಲ್ಲವಂತೆ. ಊರು ಕಾಡಾಗಿ ತಲೆಮಾರುಗಳೇ ಕಳೆದವು. ಸಾವಿಲ್ಲದ ಅವನ ಕಾನೂನು ಮಾತ್ರ ಇನ್ನೂ ನಡೆಯುತ್ತಿದೆ: ಅವನ ಬುಡದಲ್ಲಿಟ್ಟದ್ದನ್ನು ಯಾರೂ ಕದಿಯುವಂತಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಕೈಚೀಲವನ್ನು ಕಲ್ಲಿನ ಬುಡದಲ್ಲಿಟ್ಟು ಮುಖ ತೊಳೆಯಲು ಹಳ್ಳಕ್ಕಿಳಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಮನೆಗೆ ಎರಡೆರಡು ಬೀಗ ಜಡಿದು ಬಂದಿದ್ದ ನನಗೆ ಹೊಟ್ಟೆ ಉರಿಯಿತು. ಹಟಕ್ಕೆ ಬಿದ್ದು, ವಾಕ್‌ಮನ್ ಇದ್ದ ನನ್ನ ಚೀಲವನ್ನೂ ಅಲ್ಲೇ ಇಟ್ಟು ಅವರ ಹಿಂದೆ ಹೊರಟೆ. ಹಳ್ಳ ಮುಟ್ಟುವಷ್ಟರಲ್ಲಿ ಮೂರು ಸಲ ತಿರುಗಿ ನೋಡಿದ್ದೆ.

ಅಜ್ಜಿ ನಕ್ಕರು. “ತಿರುಗಿ ನೋಡಿದವರ ಚೀಲ ಅಂವ ಕಾಯ್ತ್ನಿಲ್ಲೆ ತಮಾ. ನೀನೇ ಹೋಗಿ ಕಾಯಿ.”

ಬಸ್ಸು ಬರುವವರೆಗೂ ಭೂತಪ್ಪನ ಪಕ್ಕದಲ್ಲೇ ಕೂತಿದ್ದೆ. ಅವರ ಚೀಲವನ್ನು ಅವನು ಕಾದ, ನನ್ನದನ್ನು ನಾನು.