ಉಪ್ಪು ನೋಡಿದ ಮೂವರು

ಕ್ಯಾನ್ಸರಿನಿಂದ ಎದ್ದು ಬಂದ ಮೇಲೆ ಮಹಾರಾಷ್ಟ್ರದ ನಾಸಿಕ್‌ನಲ್ಲಿ ನಾವು ಮೂವರು ಸೇರಿ ಒಂದು ಟ್ರಸ್ಟ್ ಕಟ್ಟಿದೆವು. ನಿಯಮ ಒಂದೇ: ಆ ಕಾಯಿಲೆಯ ನೋವು ಉಂಡವರಿಗೆ ಮಾತ್ರ ಸದಸ್ಯತ್ವ. ನನ್ನದು ಉಡುಪಿ ಹೋಟೆಲು. ಹಾಗಾಗಿ ಆಸ್ಪತ್ರೆಯ ರೋಗಿಗಳಿಗೆ ಬೆಳಗಿನ ಗಂಜಿ ನನ್ನ ಪಾಲಿಗೆ ಬಂತು. ಉಪ್ಪು ನೋಡದೆ ಅಡುಗೆ ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮೂವರೂ ದಿನಾ ನೋಡಿ, "ಸ್ವಲ್ಪ ಸಪ್ಪೆ" ಎಂದು ಇನ್ನೊಂದು ಹಿಡಿ ಹಾಕುತ್ತಿದ್ದೆವು.

ಒಂದು ದಿನ ವಿಜಯಪುರದ ಕಡೆಯಿಂದ ಚಿಕಿತ್ಸೆಗೆ ಬಂದಿದ್ದ ಗೌರವ್ವ, "ಬಾಯಿ ಭಾಳ ಉರೀತೈತ್ರಿ" ಎಂದರು.

"ಅದು ಔಷಧದ ಉರಿ, ನನಗೂ ಆಗಿತ್ತು. ತಡ್ಕೊಳ್ಳಿ" ಎಂದೆ, ಎಲ್ಲ ಬಲ್ಲವನ ಹಾಗೆ.

ಅವರು ಬಿಟ್ಟ ಗಂಜಿಯನ್ನು ಗಂಡ, ಗಾರೆ ಕೆಲಸದ ಗೌಂಡಿ ಬಸಪ್ಪ, ಬಾಯಿಗಿಟ್ಟವರೇ ಮುಖ ಹಿಂಡಿದರು.

"ಅಣ್ಣಾರ, ಇದರ ಉಪ್ಪು ಯಾರರೆ ನೋಡ್ಯಾರೇನ್ರಿ?"

"ಮೂರು ಜನ ನೋಡಿದ್ದೇವೆ ಮಾರಾಯ್ರೆ!"

"ಯಾರ್ಯಾರ್ರೀ?"

ಹೆಸರು ಹೇಳುತ್ತಿದ್ದಂತೆ ನನ್ನ ದನಿ ಇಳಿಯಿತು. ಕೀಮೊ ಆದ ಮೇಲೆ ನಮ್ಮ ಮೂವರ ನಾಲಗೆಗೂ ರುಚಿ ಸರಿಯಾಗಿ ಮರಳಿರಲೇ ಇಲ್ಲ.

ಗೌರವ್ವನ ಕ್ಷಮೆ ಕೇಳಿ, ನಿಯಮ ತಿದ್ದಿ, ಯಾವ ಕಾಯಿಲೆಯೂ ಇಲ್ಲದ ಬಸಪ್ಪನವರನ್ನೇ ಉಪ್ಪು ನೋಡಲು ಸದಸ್ಯರನ್ನಾಗಿ ಮಾಡಿಕೊಂಡೆವು. ಈಗ ನಮಗೆ ಕ್ಯಾನ್ಸರಿಗಿಂತ ಬಸಪ್ಪನವರ ನೆಗಡಿಯದೇ ಹೆದರಿಕೆ.