ಲಕ್ಕಿ ಗಿಡಕ್ಕೆ ಕಟ್ಟಿದ ದಾರ

ಮೊನ್ನೆ ಅಂಗಡಿಯ ಗೋಡೆಯಿಂದ ಒಂದು ಪಟ ಇಳಿಸಿ, ಗಾಜು ಒರೆಸದೆಯೇ ಕೌಂಟರಿನ ಮೇಲೆ ಕವುಚಿ ಇಟ್ಟೆ. ವಯಸ್ಸಿನ ಆಲಸ್ಯವೆಂದು ನೀವು ಉದಾರವಾಗಿ ತಿಳಿಯಬಹುದು. ಅದಲ್ಲ. ನಮ್ಮ ಬೀದಿಯ ಶಾಲೆಯ ಮೇಡಂ ಅದನ್ನು ಮಕ್ಕಳ ಪ್ರದರ್ಶನಕ್ಕೆ ಕೇಳಿದ್ದಾರೆ. "ನೀವೇ ಬಂದು ಇದನ್ನ ಹೇಗೆ ತೆಗೆದ್ರಿ ಅಂತ ಮಕ್ಕಳಿಗೆ ಹೇಳಿ ಸಾರ್" ಅಂದರು. ಆ ಗಳಿಗೆಯಿಂದ ನನಗೆ ಊಟ ಸೇರುತ್ತಿಲ್ಲ.

ಪಟದಲ್ಲಿರುವುದು ಪಿಕಳಾರದ ಗೂಡು. ಮೂರು ಮರಿ, ತೆರೆದ ಮೂರು ಬಾಯಿ, ಕೊಕ್ಕಿನಲ್ಲಿ ಹುಳು ಹಿಡಿದು ಬಗ್ಗಿದ ತಾಯಿ. ಅಡ್ಡಕ್ಕೆ ಒಂದು ಎಲೆಯೂ ಇಲ್ಲ. ನೋಡಿದವರೆಲ್ಲ "ಎಷ್ಟು ಕ್ಲಿಯರಾಗಿದೆ!" ಅನ್ನುತ್ತಾರೆ. ಆಗೆಲ್ಲ ನಾನು ಏನೋ ಬೀಳಿಸಿಕೊಂಡವನಂತೆ ಕೌಂಟರಿನ ಕೆಳಗೆ ಹುಡುಕುತ್ತೇನೆ.

ಎಸ್ಸೆಲ್ಸಿ ಮುಗಿಸಿ ನಂಜನಗೂಡಿನಲ್ಲಿ ಸ್ಟುಡಿಯೋ ಇಟ್ಟವನು ನಾನು. ಪಾಸ್‌ಪೋರ್ಟ್ ಸೈಜು, ಮದುವೆ, ಮುಡಿ ಕೊಟ್ಟು ಬಂದ ಬೋಳುತಲೆಯ ಸಂಸಾರಗಳು. ಕಾಲರ್ ಎಳೆಯುವುದು, ಸೆರಗಿನ ನೆರಿಗೆ ಜೋಡಿಸುವುದು, ಹಣೆಯ ಕೂದಲು ಸರಿಸುವುದು ಕೈಗೆ ಅಂಟಿದ ರೋಗ. "ದೇವರ ತಲೆ ಮೇಲಿನ ಹೂವನ್ನಾದ್ರೂ ಅದರ ಪಾಡಿಗೆ ಬಿಡ್ರೀ" ಎಂದು ನನ್ನಾಕೆ ಗೊಣಗುತ್ತಿದ್ದಳು.

ಐವತ್ತು ದಾಟಿದ ಮೇಲೆ ಹಕ್ಕಿ, ಹೂವುಗಳ ಹುಚ್ಚು ಹತ್ತಿತು. ಭಾನುವಾರ ಬಂದರೆ ನರಸೀಪುರದ ಬಸ್ಸು. ಅಲ್ಲಿಂದಾಚೆ ಕಾವೇರಿಯ ನಡುವಿನ ಒಂದು ತಿಟ್ಟು. ಸುತ್ತ ನೀರು, ನಡುವೆ ಮರಳು, ಜೊಂಡು, ಲಕ್ಕಿ ಪೊದೆ. ನೀರುನಾಯಿಗಳು ಮೀನು ಕಚ್ಚಿಕೊಂಡು ಬಂಡೆ ಹತ್ತುತ್ತಿದ್ದವು. ಮಂಜಿನಲ್ಲಿ ಜೊಂಡಿನ ಹೂವು ಬೆಳ್ಳಗೆ ತೂಗುತ್ತಿತ್ತು. ಅದನ್ನೆಲ್ಲ ಎಷ್ಟು ತೆಗೆದೆನೋ! ತೆಪ್ಪ ಹಾಕುವವನು ಪುಟ್ಟಮಾದ. ತೆಪ್ಪದ ನಡುವೆ ಯಜಮಾನನಂತೆ ಕೂರುತ್ತಿದ್ದದ್ದು ಅವನ ನಾಯಿ ಕರಿಯ.

ಗೂಡು ತೋರಿಸಿದವನೂ ಪುಟ್ಟಮಾದನೇ. ಸೊಂಟದೆತ್ತರದ ಲಕ್ಕಿ ಗಿಡ. ಗೂಡಿನ ಮೇಲೆ ಒಂದು ರೆಂಬೆ ಕೊಡೆಯಂತೆ ಬಾಗಿತ್ತು. ನನ್ನ ಕೈ ಸುಮ್ಮನಿರುತ್ತದೆಯೇ? ಜೇಬಿನಲ್ಲಿದ್ದ ಕರಿದಾರದಿಂದ ಆ ರೆಂಬೆಯನ್ನು ಪಕ್ಕಕ್ಕೆಳೆದು ಕಟ್ಟಿದೆ. ಮದುಮಗಳ ಮುಖದಿಂದ ಕೂದಲು ಸರಿಸಿದಷ್ಟೇ ಸಲೀಸು. ದೂರ ಹೋಗಿ ಕೂತೆ. ತಾಯಿ ಬಂತು. ಪಟ ಸಿಕ್ಕಿತು.

ಅಷ್ಟರಲ್ಲಿ ಮೋಡ ಕವಿಯಿತು. "ಬಿರ್‍ರನೆ ಬನ್ನಿ ಸಾ, ಗಾಳಿ ಎದ್ದದೆ!" ಎಂದು ಪುಟ್ಟಮಾದ ಕೂಗಿದ. ಓಡಿಹೋಗಿ ತೆಪ್ಪದಲ್ಲಿ ಕೂತೆ. ನಡುನೀರಿಗೆ ಬಂದಾಗ ಕೇಳಿದ: "ದಾರ ಬಿಚ್ಚುದ್ರಾ ಸಾ?"

"ಬಿಚ್ಚಿದೆ ಕಣೋ" ಅಂದೆ. ಮತ್ತೆ ಇಳಿಯಲು ಸೋಮಾರಿತನ. ಅದಕ್ಕೆ ಬೇರೆ ಹೆಸರಿಲ್ಲ.

ಬೆಳಗಾದರೆ ಹೋಗಿ ಬಿಚ್ಚಬೇಕೆಂದು ಆ ರಾತ್ರಿಯೇ ಅಂದುಕೊಂಡೆ. ಮೇಲೆ ಎಲ್ಲೋ ಮಳೆಯಾಗಿ ಹೊಳೆ ಏರಿತು. ಎರಡು ದಿನ ತೆಪ್ಪ ಇಳಿಯಲಿಲ್ಲ. ಮೂರನೆಯ ದಿನ ಅಂಗಡಿ ಮುಚ್ಚಿ ಓಡಿದೆ. ಪುಟ್ಟಮಾದ ತೆಪ್ಪ ಕಟ್ಟುತ್ತಿರುವಾಗಲೇ ನಾನು ಮುಂದೆ ಹೋದೆ. ಪೊದೆಯಿಂದ ಎರಡು ಕಾಗೆ ಎದ್ದವು. ರೆಂಬೆ ನಾನು ಕಟ್ಟಿದಂತೆಯೇ ಇತ್ತು, ಗೂಡಿದ್ದ ಜಾಗಕ್ಕೆ ಮರೆಯೇ ಇರಲಿಲ್ಲ. ಗೂಡು ಕೆಳಗೆ ಬಿದ್ದಿತ್ತು, ಬರಿದಾಗಿತ್ತು. ದಾರ ಕಿತ್ತು ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಕರಿಯ ಬಂದು ಗೂಡನ್ನು ಮೂಸಿತು.

"ಲೇ ಕರಿಯಾ! ತಿಂದ್ಬುಟ್ಯೇನ್ಲಾ?" ಹಿಂದಿನಿಂದ ಬಂದ ಪುಟ್ಟಮಾದನ ದನಿ ಒಡೆದಿತ್ತು. "ಆವತ್ತು ನಾ ಅತ್ಲಾಗ್ ನೋಡ್ವಾಗ ತಿಂದದೆ ಸಾ. ನಿಮ್ಗೆ ತೋರ್ಸಿ ಮರಿಗೋಳ್ನ ಕೊಂದ್ನಲ್ಲಾ ನಾನು!"

ನಾನೇನು ಮಾಡಿದೆ ಗೊತ್ತೇ? "ಹೋಗ್ಲಿ ಬಿಡು, ಪಾಪ, ಮೂಕಪ್ರಾಣಿ, ಅದಕ್ಕೇನು ಗೊತ್ತಾಗುತ್ತೆ" ಎಂದೆ. ತಪ್ಪು ಮಾಡದ ನಾಯಿಯನ್ನು ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ! ಮುಂದಿನ ಭಾನುವಾರ ತೆಪ್ಪದಲ್ಲಿ ಕರಿಯ ಇರಲಿಲ್ಲ. ಬನ್ನೂರಿನ ನೆಂಟರಿಗೆ ಕೊಟ್ಟೆ ಎಂದ. ಆಮೇಲೆ ನಾನೂ ತಿಟ್ಟಿಗೆ ಹೋಗುವುದು ಬಿಟ್ಟೆ.

ಈ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ಹತ್ತು ವರ್ಷದ ಮೇಲೆ. ಪುಟ್ಟಮಾದ ಜಗಲಿಯ ಮೇಲೆ ಬಲೆ ಹೆಣೆಯುತ್ತಿದ್ದ. "ಏನ್ ಸಾ, ದಾರಿ ತಪ್ಪುದ್ರಾ?" ಎಂದು ನಕ್ಕ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಬಲೆ ಹೆಣೆಯುವ ಕೈ ನಿಂತಿತು.

"ಬನ್ನೂರಿಂದ ಎಲ್ಡ್ ದಪ ಅಗ್ಗ ಕಿತ್ಕಂಡ್ ಬಂತು ಸಾ," ಅಂದ. "ಎಲ್ಡ್ ದಪಾನೂ ಒದ್ದು ಎಳ್ಕಂಡೋಗಿ ಬುಟ್‌ಬಂದೆ. ನಾನೇಯ. ಅಲ್ಲೇ ಸತ್ತೋಯ್ತು."

ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಹಿಡಿದ.

"ಇಸ್ಕೂಲ್ ಮಕ್ಳಿಗೂ ಇದ್ನೇ ಏಳ್ತೀರಾ?"

"ಹೇಳ್ತೀನಿ."

"ಅಂಗಾರೆ ಕರಿಯ ಅಂತ ಅದ್ರ ಎಸ್ರೇ ಏಳಿ. ಬರೀ ನಾಯಿ ಅಂದ್ಬುಟ್ಟು ಮುಂದ್ಕೋಗ್ಬ್ಯಾಡಿ."

ಬಲೆಯನ್ನು ಮತ್ತೆ ಹೆಣೆಯತೊಡಗಿದ. ನಾನು ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಾ ಬಂದೆ. ಪಕ್ಕದಾತ ಎದ್ದು ಬೇರೆ ಸೀಟಿಗೆ ಹೋದ. ಶಾಲೆ ನಾಳೆ ಹತ್ತಕ್ಕೆ. ಕರಿಯ ಅನ್ನುವಲ್ಲಿಗೆ ಬಂದರೆ ಈಗಲೂ ಬಾಯಿಗೆ ಬರೀ ನಾಯಿ ಎಂದೇ ಬರುತ್ತದೆ. ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ.